ನೆಗಡಿಗೆ ಮೂಗು ಕೊಯ್ಯುವವರು

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಎಂಬ ಗಾದೆ ನಮ್ಮಲ್ಲಿ ಹಳೆಯದು. ಅದನ್ನು ಕಟ್ಟಿದವರು ಯಾರೋ ದಡ್ಡನೊಬ್ಬನನ್ನು ಕಂಡು ನಕ್ಕು ಕಟ್ಟಿದ್ದಿರಬೇಕು. ಈಗ ಅದು ನಗುವ ಮಾತಾಗಿ ಉಳಿದಿಲ್ಲ. ರಸೀದಿ ಕೊಟ್ಟು, ತೆರಿಗೆ ಸೇರಿಸಿ, ಕಂತಿನ ಸೌಲಭ್ಯವನ್ನೂ ಒದಗಿಸಿ ನಡೆಸುವ ವ್ಯಾಪಾರವಾಗಿದೆ. ಸಂಶಯವಿದ್ದವರು ಜೋಡಿ ಗಾಜಿನ ಬಿಳಿ ಕಿಟಕಿ ಹಾಕಿಸಿಕೊಂಡ ಯಾವುದಾದರೂ ಫ್ಲ್ಯಾಟಿಗೆ ಹೋಗಿ ವಿಚಾರಿಸಿ ನೋಡಬಹುದು. ಹಿಡಿ ಸಡಿಲವಾಗಿದೆ ಎಂದರೆ ಕಿಟಕಿ ಬದಲಿಸಿ ಎನ್ನುತ್ತಾರೆ. ಕೀಲು ತುಕ್ಕು ಹಿಡಿದಿದೆ ಎಂದರೂ ಕಿಟಕಿ ಬದಲಿಸಿ. ಬೀಗ ಸಿಕ್ಕಿಕೊಂಡಿದೆ ಎಂದರೆ ಬಾಗಿಲು ಬದಲಿಸಿ. ಎರಡು ಗಾಜಿನ ನಡುವೆ ಮಂಜು ಕೂತಿದೆ ಎಂದರಂತೂ ಗಾಜು, ಚೌಕಟ್ಟು, ಹಿಡಿ, ಕೀಲು ಎಲ್ಲವನ್ನೂ ಒಟ್ಟಿಗೇ ಕಿತ್ತು ಬಿಸಾಡಿ. ರೋಗ ಯಾವುದಾದರೂ ಮದ್ದು ಒಂದೇ. ಇದು ಅಜ್ಞಾನದಿಂದ ಆಗುತ್ತಿರುವುದಲ್ಲ, ತಿಳಿದೇ ಮಾಡುತ್ತಿರುವುದು ಎಂಬುದು ನನ್ನ ತಕರಾರು. ನಾವು ಅದಕ್ಕೆ ತಲೆಯಾಡಿಸುತ್ತಿದ್ದೇವೆ ಎಂಬುದು ಅದಕ್ಕಿಂತ ದೊಡ್ಡ ತಕರಾರು.

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಪ್ಲಾಸ್ಟಿಕ್ಕಿನ ಕಿಟಕಿ ನಮ್ಮ ಸಂಸ್ಕೃತಿಯಲ್ಲ, ತೇಗದ ಮರದ್ದೇ ಆಗಬೇಕು ಎಂಬ ವಾದ ನನ್ನದಲ್ಲ. ಮಂಗಳೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲಿ ಮನೆ ಮಾಡಿಕೊಂಡವನಿಗೆ ರಾತ್ರಿ ಎರಡು ಗಂಟೆಗೆ ಏರು ಹತ್ತುವ ಲಾರಿಯ ಸದ್ದು ಏನೆಂದು ಗೊತ್ತು. ಎರಡು ಗಾಜು, ನಡುವೆ ಬಿಗಿದಿಟ್ಟ ಗಾಳಿ, ಸುತ್ತ ರಬ್ಬರ್ ಪಟ್ಟಿ ಇರುವ ಕಿಟಕಿ ಆ ಸದ್ದನ್ನು ಎಷ್ಟೋ ತಗ್ಗಿಸುತ್ತದೆ. ಗೆದ್ದಲು ಹತ್ತುವುದಿಲ್ಲ, ಮಳೆಗಾಲದಲ್ಲಿ ಮರದ ಹಾಗೆ ಉಬ್ಬುವುದಿಲ್ಲ, ವರ್ಷ ಬಿಟ್ಟು ವರ್ಷ ಬಣ್ಣ ಬಳಿಯಬೇಕಾಗಿಲ್ಲ. ನಾನಿರುವ ಮನೆಯಲ್ಲಿಯೂ ಅವೇ ಇವೆ, ನನಗೆ ಅವುಗಳ ಮೇಲೆ ಹಗೆಯಿಲ್ಲ. ನನ್ನ ಜಗಳ ಕಿಟಕಿಯ ಜೊತೆ ಅಲ್ಲ, ಕಿಟಕಿಯನ್ನು ಮಾರಿದವನು ಆಮೇಲೆ ಅದರ ಬಗ್ಗೆ ಹೇಳುವ ಸುಳ್ಳಿನ ಜೊತೆ.

ಆ ಸುಳ್ಳು ನಿಲ್ಲುವುದು ನಮ್ಮ ಒಂದು ತಿಳಿಗೇಡಿನ ಮೇಲೆ. ನಾವು ಕಿಟಕಿಯನ್ನು ಒಂದೇ ವಸ್ತು ಎಂದುಕೊಂಡಿದ್ದೇವೆ. ಹಾಗಲ್ಲ. ಅದು ಹತ್ತಾರು ಬಿಡಿಭಾಗಗಳ ಒಂದು ಕೂಟ. ಹೊರಗೆ ಕಾಣುವ ಬಿಳಿಯ ಚೌಕಟ್ಟು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕು. ಒಳಗೆ ಟೊಳ್ಳು, ಆ ಟೊಳ್ಳಿನಲ್ಲಿ ಬಲಕ್ಕೆಂದು ಕಲಾಯಿ ಹಚ್ಚಿದ ಉಕ್ಕಿನ ಪಟ್ಟಿ. ನಾಲ್ಕು ಮೂಲೆಗಳನ್ನು ಕಾಯಿಸಿ ಬೆಸೆದಿರುತ್ತಾರೆ. ಈ ಚೌಕಟ್ಟಿಗೆ ಆಯುಸ್ಸು ಹೆಚ್ಚು, ಅದು ಸುಲಭವಾಗಿ ಕೆಡುವುದಿಲ್ಲ. ಕೆಡುವುದೆಲ್ಲ ಅಲುಗಾಡುವ ಭಾಗಗಳು. ಹೊರಕ್ಕೆ ತೆರೆಯುವ ಕಿಟಕಿಯಾದರೆ ಪಡಿಯ ಮೇಲೆ ಕೆಳಗೆ ಒಂದೊಂದು ಉಕ್ಕಿನ ತೋಳು ಇರುತ್ತದೆ. ಕತ್ತರಿಯಂತೆ ಮಡಚಿ ಬಿಚ್ಚುವ ಈ ತೋಳೇ ಅದರ ಕೀಲು. ಪಡಿ ಗಾಳಿಗೆ ಬಡಿದುಕೊಳ್ಳದೆ ನಾವು ಬಿಟ್ಟಲ್ಲೇ ನಿಲ್ಲುವುದು ಇದರ ಬಿಗಿಯಿಂದ. ಹಿಡಿಯ ಹಿಂದೆ ಒಂದು ಚಚ್ಚೌಕದ ಕಡ್ಡಿ, ಬಹುಮಟ್ಟಿಗೆ 7 ಮಿಲಿಮೀಟರಿನದು. ಹಿಡಿ ತಿರುಗಿಸಿದರೆ ಆ ಕಡ್ಡಿ ಒಳಗಿನ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಹಲ್ಲುಚಕ್ರ ಪಡಿಯ ಅಂಚಿನುದ್ದಕ್ಕೂ ಇರುವ ಒಂದು ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತದೆ, ಪಟ್ಟಿಯ ಮೇಲಿನ ಅಣಬೆಯಾಕಾರದ ಗುಬ್ಬಿಗಳು ಚೌಕಟ್ಟಿನ ಕೊಂಡಿಗಳ ಹಿಂದೆ ಹೋಗಿ ಕೂರುತ್ತವೆ. ಕಿಟಕಿ ಭದ್ರವಾಯಿತು. ಇಷ್ಟೇ ಇದರ ರಹಸ್ಯ. ಇದರಲ್ಲಿ ಸ್ಕ್ರೂ ಬಿಚ್ಚಿ ತೆಗೆದು ಬೇರೆ ಹಾಕಲಾಗದ ಭಾಗ ಒಂದೂ ಇಲ್ಲ.

ಇನ್ನು ಕೆಡುವುದು ಏಕೆ? ನಮ್ಮ ಕರಾವಳಿಯಲ್ಲಿ ಮೊದಲನೆಯ ಅಪರಾಧಿ ಉಪ್ಪುಗಾಳಿ. ಕೀಲಿನ ತೋಳು ಒಳ್ಳೆಯ ಉಕ್ಕಿನದೇ ಆಗಿದ್ದರೂ ಅದನ್ನು ಬಿಗಿದ ಸ್ಕ್ರೂ ಅಗ್ಗದ್ದಾಗಿರುತ್ತದೆ. ತುಕ್ಕು ಮೊದಲು ಹತ್ತುವುದು ಅದರ ತಲೆಗೆ. ತುಕ್ಕು ಹಿಡಿದ ಸ್ಕ್ರೂ ಸಡಿಲವಾಗುತ್ತದೆ, ಪಡಿ ಒಂದಿಷ್ಟು ಜಗ್ಗುತ್ತದೆ, ಗುಬ್ಬಿಗೂ ಕೊಂಡಿಗೂ ಹೊಂದಿಕೆ ತಪ್ಪುತ್ತದೆ. ಆಗ ನಾವು ಏನು ಮಾಡುತ್ತೇವೆ? ಹಿಡಿಯನ್ನು ಇನ್ನೂ ಬಲವಾಗಿ ತಿರುಗಿಸುತ್ತೇವೆ. ಹಿಡಿಯ ಕುತ್ತಿಗೆ ಮುರಿಯುತ್ತದೆ. ಹಿಡಿ ಮುರಿದಿದೆ ಎಂದು ಕಂಪನಿಗೆ ಫೋನು ಮಾಡುತ್ತೇವೆ. ಬಂದವನು ತುಕ್ಕನ್ನೂ ಜಗ್ಗಿದ ಪಡಿಯನ್ನೂ ತೋರಿಸಿ, ನೋಡಿ ಸಾರ್, ಇಡೀ ಕಿಟಕಿಯೇ ಹೋಗಿದೆ ಎನ್ನುತ್ತಾನೆ. ಮೂಲದಲ್ಲಿ ಹೋದದ್ದು ನಾಲ್ಕು ಸ್ಕ್ರೂ. ಸಮುದ್ರದ ಹತ್ತಿರದ ಮನೆಗೆ 304ರ ಬದಲು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಕೀಲು ಮತ್ತು ಸ್ಕ್ರೂ ಹಾಕಬೇಕೆಂಬುದು ಈ ಕಸುಬಿನವರೆಲ್ಲ ತಿಳಿದ ಸಂಗತಿ. ಹಾಕುವಾಗ ಹಾಕಲಿಲ್ಲ, ಕೆಟ್ಟ ಮೇಲೆ ಹೇಳಲೂ ಇಲ್ಲ.

ಸರಿಯುವ ಕಿಟಕಿಗಳ ಕತೆ ಇನ್ನೂ ಸರಳ. ನಮ್ಮಲ್ಲಿ ಹೆಚ್ಚಿನವು ಅವೇ. ಅಡಿಯಲ್ಲಿ ಪುಟ್ಟ ಗಾಲಿಗಳಿವೆ, ಗಾಲಿಗೊಂದು ಹಳಿ ಇದೆ, ಹಳಿಯಲ್ಲಿ ಧೂಳು, ಸತ್ತ ಹುಳ, ಪಾರಿವಾಳದ ಗರಿ ತುಂಬಿಕೊಳ್ಳುತ್ತವೆ. ಮಳೆನೀರು ಹೊರಹೋಗಲೆಂದು ಚೌಕಟ್ಟಿನ ಕೆಳಗೆ ಬಿಟ್ಟ ತೂತುಗಳೂ ಕಟ್ಟಿಕೊಳ್ಳುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಆ ತೂತು ಕಟ್ಟಿದರೆ ನೀರು ಮನೆಯೊಳಗೇ ಬರಬೇಕು. ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ತಂತಿಯ ತುಂಡು, ಅರ್ಧ ಗಂಟೆ ಪುರುಸೊತ್ತು ಇದ್ದರೆ ಮುಗಿಯುವ ಕೆಲಸವಿದು. ಗಾಲಿ ಸವೆದಿದ್ದರೆ ಗಾಲಿ ಹಾಕಿದರಾಯಿತು. ಇದಕ್ಕೂ 'ಕಿಟಕಿ ಸೋರುತ್ತಿದೆ, ಬದಲಿಸಬೇಕು' ಎಂಬ ಅಂದಾಜುಪಟ್ಟಿ ಬರೆದುಕೊಡುವವರಿದ್ದಾರೆ.

ಗಾಜಿನೊಳಗಿನ ಮಂಜಿನ ವಿಚಾರಕ್ಕೆ ಬರೋಣ, ಏಕೆಂದರೆ ಹೆದರಿಸುವುದಕ್ಕೆ ಇದು ಅವರ ದೊಡ್ಡ ಆಯುಧ. ಎರಡು ಗಾಜುಗಳ ನಡುವೆ ಅಂಚಿನಲ್ಲಿ ಒಂದು ಟೊಳ್ಳು ಪಟ್ಟಿ ಇರುತ್ತದೆ. ಅದರೊಳಗೆ ತೇವ ಹೀರುವ ಹರಳುಗಳನ್ನು ತುಂಬಿರುತ್ತಾರೆ; ಔಷಧಿ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣದ ಜಾತಿಯವು. ಅಂಚಿನ ಮೊಹರು ಎಲ್ಲೋ ಬಿಟ್ಟುಕೊಂಡರೆ ಹೊರಗಿನ ತೇವ ಒಳಹೊಕ್ಕು, ಹರಳುಗಳು ಕುಡಿಯುವಷ್ಟು ಕುಡಿದು ಸಾಕಾದ ಮೇಲೆ, ಗಾಜಿನ ಒಳಮೈಯಲ್ಲಿ ಮಂಜು ಕೂರುತ್ತದೆ. ಅದನ್ನು ಹೊರಗಿನಿಂದ ಒರೆಸಲಾಗದು, ನಿಜ. ಆದರೆ ಕೆಟ್ಟಿರುವುದು ಗಾಜಿನ ಜೋಡಿ ಮಾತ್ರ. ಸುತ್ತಲಿನ ತೆಳ್ಳನೆಯ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ, ಹಳೆಯ ಜೋಡಿಯನ್ನು ತೆಗೆದು, ಅದೇ ಅಳತೆಯ ಹೊಸ ಜೋಡಿಯನ್ನು ಕೂರಿಸಿ, ಪಟ್ಟಿ ಒತ್ತಿದರೆ ಕೆಲಸವಾಯಿತು. ಕನ್ನಡಕದ ಗಾಜು ಕೆಟ್ಟರೆ ಕಣ್ಣು ಬದಲಿಸಬೇಕೆಂದು ಯಾವ ವೈದ್ಯನೂ ಹೇಳಿದ್ದನ್ನು ನಾನು ಕೇಳಿಲ್ಲ.

ಕಿಟಕಿಗಿಂತ ಬಾಗಿಲು ಹೆಚ್ಚು ಪ್ರಾಮಾಣಿಕ ಎಂದು ನನಗೆ ತೋರುತ್ತದೆ. ಅದು ಒಮ್ಮೆಗೇ ಕೆಡುವುದಿಲ್ಲ. ಕೆಡುವ ಮೊದಲು ತಿಂಗಳುಗಟ್ಟಲೆ ಹೇಳುತ್ತದೆ. ಮೊದಲು ಹೊಸ್ತಿಲಿನ ಬಳಿ ಸಣ್ಣಗೆ ಉಜ್ಜುತ್ತದೆ. ಆಮೇಲೆ ಹಿಡಿಯನ್ನು ಮೇಲಕ್ಕೆತ್ತಿದರಷ್ಟೇ ಬೀಗ ಬೀಳುತ್ತದೆ. ಆಮೇಲೆ ಎತ್ತುವಾಗ ಭುಜ ಕೊಡಬೇಕಾಗುತ್ತದೆ. ಇದರರ್ಥ ಬೀಗ ಕೆಟ್ಟಿದೆ ಎಂದಲ್ಲ, ಬಾಗಿಲು ಜಗ್ಗಿದೆ ಎಂದು. ಜೋಡಿ ಗಾಜಿನ ಭಾರ ಸಾಮಾನ್ಯದ್ದಲ್ಲ. ಆ ಭಾರವನ್ನು ಕೀಲಿನ ಕಡೆಯ ಕೆಳಮೂಲೆಗೆ ದಾಟಿಸಲೆಂದು ಗಾಜಿಗೂ ಚೌಕಟ್ಟಿಗೂ ನಡುವೆ, ಓರೆಯಾಗಿ ಎದುರುಬದುರಿನ ಮೂಲೆಗಳಲ್ಲಿ, ಪ್ಲಾಸ್ಟಿಕ್ ಚಕ್ಕೆಗಳನ್ನು ಇಡುತ್ತಾರೆ. ಇಡುವವನು ಅವಸರದಲ್ಲಿ ಸರಿಯಾಗಿ ಇಡದಿದ್ದರೆ ಹಿಡಿಯ ಕಡೆ ಬಾಗಿಲು ವರ್ಷಕ್ಕೆ ಇಷ್ಟಿಷ್ಟು ಇಳಿಯುತ್ತದೆ. ಮದ್ದು ಎರಡು: ಕೀಲುಗಳಲ್ಲಿ ಇರುವ ಷಟ್ಕೋನದ ತೂತಿಗೆ ಆಲನ್ ಕೀಲಿ ಹಾಕಿ ಬಾಗಿಲನ್ನು ಒಂದೆರಡು ಮಿಲಿಮೀಟರು ಎತ್ತುವುದು, ಅದರಿಂದಲೂ ಸರಿಹೋಗದಿದ್ದರೆ ಚಕ್ಕೆಗಳನ್ನು ಮತ್ತೆ ಇಡುವುದು. ಹೊಸ ಭಾಗ ಒಂದೂ ಬೇಡ. ಈ ಹೊತ್ತಿನಲ್ಲಿ ಯಾರಾದರೂ ಬಂದು ನೋಡಿದರೆ ಅಷ್ಟಕ್ಕೇ ಮುಗಿಯುತ್ತದೆ. ಯಾರೂ ಬರುವುದಿಲ್ಲ. ನಾವು ಭುಜ ಕೊಟ್ಟು ಕೊಟ್ಟು ಒಂದು ದಿನ ಒಳಗಿನ ಹಲ್ಲುಚಕ್ರದ ಪೆಟ್ಟಿಗೆ ಟಕ್ಕೆಂದು ಮುರಿಯುತ್ತದೆ, ಹಿಡಿ ಗಿರಗಿರ ತಿರುಗತೊಡಗುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ.

ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಾರೆ. ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು, ಮಗ ಹೊರದೇಶದಲ್ಲಿ. ಅವರ ಬಾಲ್ಕನಿಯ ಬಾಗಿಲಿಗೆ ಆದದ್ದು ಇದೇ. ಕಂಪನಿಯವನು ಬಂದು ಹಿಡಿಯನ್ನು ನಾಲ್ಕು ಸಲ ತಿರುಗಿಸಿ, "ಅಮ್ಮಾ, ಈ ಮಾಡೆಲ್ ಈಗ ಬರುವುದಿಲ್ಲ, ಪೂರ್ತಿ ಡೋರೇ ಚೇಂಜ್ ಮಾಡಬೇಕಾಗ್ತದೆ" ಎಂದು ಅಂದಾಜುಪಟ್ಟಿ ಕೊಟ್ಟುಹೋದ. ಅದರಲ್ಲಿದ್ದ ಮೊತ್ತ ಅವರ ಮೂರು ತಿಂಗಳ ಪಿಂಚಣಿಗಿಂತ ಹೆಚ್ಚು. ಮಗನಿಗೆ ಹೇಳಲು ಸಂಕೋಚ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಬಾಗಿಲು ಮುಚ್ಚಿಯೇ ಇತ್ತು. ಬಟ್ಟೆ ಒಣಗುತ್ತಿದ್ದದ್ದು ನಡುಮನೆಯ ಫ್ಯಾನಿನ ಕೆಳಗೆ. ಬಾಲ್ಕನಿಯಲ್ಲಿ ಅವರ ತುಳಸಿ ಇತ್ತು. ಅಡುಗೆಮನೆಯ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ, ಉದ್ದ ಹಿಡಿಯ ಸೌಟಿನಿಂದ ಅವರು ಅದಕ್ಕೆ ನೀರೆರೆಯುತ್ತಿದ್ದದ್ದನ್ನು ನಾನು ಕೆಳಗೆ ಅಂಗಳದಿಂದ ಕಂಡೆ. ಪ್ರದಕ್ಷಿಣೆ ಬರಲು ಆಗುವುದಿಲ್ಲವಲ್ಲ ಮಾಸ್ಟ್ರೇ, ನೀರಾದರೂ ಹಾಕಬೇಡವೇ ಎಂದರು. ತನ್ನ ಹಣದಲ್ಲಿ ಕೊಂಡ ಮನೆಯ ಮೂರಡಿ ಜಾಗಕ್ಕೆ ಆಕೆ ನಾಲ್ಕು ತಿಂಗಳು ಕಾಲಿಡಲಿಲ್ಲ.

ಕೊನೆಗೆ ವಾಚ್‌ಮನ್ ಮೂಲಕ ಒಬ್ಬ ಹುಡುಗ ಸಿಕ್ಕಿದ. ಉಳ್ಳಾಲದ ಕಡೆಯವನು, ಏಳು ವರ್ಷ ದುಬೈಯಲ್ಲಿ ಇದೇ ಕೆಲಸ ಮಾಡಿ ಬಂದವನು. ಬಾಗಿಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಟಾರ್ಚು ಬಿಟ್ಟು ನೋಡಿ, "ಇದಕ್ಕೆ ಎಂತ ಆಗಿಲ್ಲ ಅಮ್ಮ. ಒಳಗಿನ ಪೆಟ್ಟಿಗೆ ಹೋಗಿದೆ, ಅಷ್ಟೇ" ಎಂದ. ಹಿಡಿ ಬಿಚ್ಚಿದ. ಬಾಗಿಲಿಗೂ ಚೌಕಟ್ಟಿಗೂ ನಡುವೆ ತೆಳ್ಳನೆಯ ಬೆಣೆ ತೂರಿಸಿ ಬೀಗದ ಮೇಲಿನ ಒತ್ತಡ ಇಳಿಸಿದ. ಮುರಿದ ಚಕ್ರವನ್ನು ಸ್ಕ್ರೂಡ್ರೈವರಿನ ತುದಿಯಿಂದ ಇಷ್ಟಿಷ್ಟೇ ಸರಿಸಿ, ಒಂದೂವರೆ ಗಂಟೆಯ ಮೇಲೆ ಬಾಗಿಲು ತೆರೆದ. ಪೆಟ್ಟಿಗೆಯನ್ನು ಹೊರತೆಗೆದು ಎರಡು ಅಳತೆ ಬರೆದುಕೊಂಡ: ಹಿಡಿಯ ಕಡ್ಡಿಯಿಂದ ಬೀಗದ ನಡುವಿಗೆ ಎಷ್ಟು, ಬಾಗಿಲಿನ ಅಂಚಿನಿಂದ ಕಡ್ಡಿಯ ನಡುವಿಗೆ ಎಷ್ಟು. ಮರುದಿನ ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಅದೇ ಅಳತೆಯ ಪೆಟ್ಟಿಗೆ ತಂದು ಹಾಕಿದ. ಅದರ ಮೇಲೆ ಬೇರೆಯೇ ಕಂಪನಿಯ ಹೆಸರಿತ್ತು. ಕೀಲು ಎತ್ತಿ ಹೊಂದಿಸಿದ. ಸಾಮಾನು, ಕೂಲಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು.

ಆ ಮಾಡೆಲ್ ಈಗ ಬರುವುದಿಲ್ಲ ಎಂದ ಕಂಪನಿಯವನ ಮಾತು ಅಕ್ಷರಶಃ ಸುಳ್ಳೇನೂ ಆಗಿರಲಿಕ್ಕಿಲ್ಲ. ಅವರ ಪಟ್ಟಿಯಲ್ಲಿ ಆ ಹೆಸರು ಇಲ್ಲದಿರಬಹುದು. ಆದರೆ ಬೀಗಕ್ಕೆ ಬೇಕಾಗಿರುವುದು ಹೆಸರಲ್ಲ, ಅಳತೆ. ಅಳತೆಗಳು ಬೆರಳೆಣಿಕೆಯಷ್ಟು, ಎಷ್ಟೋ ತಯಾರಕರಿಗೆ ಅವು ಸಮಾನ. ಈ ಒಂದು ಸತ್ಯವನ್ನು ಗಿರಾಕಿಗೆ ಹೇಳದೆ ಇಟ್ಟುಕೊಳ್ಳುವುದರ ಮೇಲೆ ಇಡೀ ವ್ಯಾಪಾರ ನಿಂತಿದೆ. ಬ್ರಿಟನ್ನಿನಲ್ಲಿ ಈ ಕಿಟಕಿಗಳು ನಮಗಿಂತ ಎಷ್ಟೋ ಮೊದಲೇ ಮನೆಮನೆಗೆ ಬಂದವು. ಬಾಗಿಲು ಬಡಿದು ಜೋಡಿ ಗಾಜು ಮಾರುವವನು ಅಲ್ಲಿ ನಗೆಹನಿಗಳ ಪಾತ್ರವೇ ಆಗಿಬಿಟ್ಟ. ಆದರೆ ಕಾಲಕ್ರಮದಲ್ಲಿ ಅಲ್ಲಿ ಇನ್ನೊಂದು ಕಸುಬೂ ಹುಟ್ಟಿತು: ವ್ಯಾನಿನಲ್ಲಿ ಹಿಡಿ, ಕೀಲು, ಪೆಟ್ಟಿಗೆ, ಬೀಗದ ಕೊಳವೆಗಳನ್ನು ತುಂಬಿಕೊಂಡು ಬಂದು ರಿಪೇರಿ ಮಾತ್ರ ಮಾಡಿಹೋಗುವವರದು. ಅಲ್ಲಿನ ಕಳ್ಳರು ಬಾಗಿಲಿನಿಂದ ಹೊರಚಾಚಿದ ಬೀಗದ ಕೊಳವೆಯನ್ನು ಹಿಡಿದು ತುಂಡರಿಸುವ ಉಪಾಯ ಕಂಡುಕೊಂಡಾಗ ಜನ ಬಾಗಿಲುಗಳನ್ನು ಬಿಸಾಡಲಿಲ್ಲ. ಸುಲಭಕ್ಕೆ ತುಂಡಾಗದ ಕೊಳವೆ ತಯಾರಾಯಿತು, ಅದನ್ನು ಹಾಕಿಸಿಕೊಂಡರು. ಬಾಗಿಲಿನ ಅಂಚಿನಲ್ಲಿರುವ ಒಂದೇ ಒಂದು ಸ್ಕ್ರೂ ಬಿಚ್ಚಿ, ಕೀಲಿಕೈಯನ್ನು ಸ್ವಲ್ಪ ತಿರುಗಿಸಿ ಎಳೆದರೆ ಆ ಕೊಳವೆ ಕೈಗೆ ಬರುತ್ತದೆ. ನಮ್ಮ ಬಾಗಿಲುಗಳಲ್ಲಿರುವುದೂ ಅದೇ ಕೊಳವೆ.

ಕಂಪನಿಗಳ ಎರಡನೆಯ ವಾದ ಭದ್ರತೆಯದು. ಬಿಡಿಭಾಗಗಳನ್ನೂ ಅವುಗಳ ವಿವರವನ್ನೂ ಕಂಡಕಂಡವರಿಗೆ ಕೊಟ್ಟರೆ ಕಳ್ಳರಿಗೆ ಅನುಕೂಲವಾಗುತ್ತದಂತೆ. ಈ ವಾದಕ್ಕೆ ಸುಮಾರು ನೂರ ಎಪ್ಪತ್ತೈದು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ಲಂಡನ್ನಿನ ಬ್ರಾಮಾ ಕಂಪನಿಯವರು ತಮ್ಮ ಬೀಗವೊಂದನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಇದನ್ನು ತೆರೆಯುವ ಸಾಧನ ಮಾಡಿದವನಿಗೆ 200 ಗಿನಿ ಎಂದು ಫಲಕ ಹಾಕಿದ್ದರು. ದಶಕಗಳು ಕಳೆದರೂ ಯಾರಿಂದಲೂ ಆಗಲಿಲ್ಲ. 1851ರ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗಗಾರ ಮೊದಲು ಚಬ್ ಕಂಪನಿಯ ಹೆಸರಾಂತ ಬೀಗವನ್ನು ಅರ್ಧ ಗಂಟೆಯೊಳಗೆ ತೆರೆದ. ಆಮೇಲೆ ಬ್ರಾಮಾ ಬೀಗಕ್ಕೆ ಕೈಹಾಕಿ, ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನೂ ತೆರೆದ. ಇಂತಹ ಗುಟ್ಟುಗಳನ್ನು ಬಯಲು ಮಾಡಬಹುದೇ ಎಂದು ದೊಡ್ಡ ಗದ್ದಲವೆದ್ದಿತು. ಕಳ್ಳರಿಗೆ ಅವರ ಕಸುಬು ಚೆನ್ನಾಗಿಯೇ ಗೊತ್ತಿದೆ, ಗೊತ್ತಿಲ್ಲದಿರುವುದು ಮನೆಯವನಿಗೆ ಮಾತ್ರ ಎಂಬುದು ಆಗ ಹೊರಟ ವಾದದ ತಿರುಳು. ಬೀಗಗಳು ಉತ್ತಮವಾದದ್ದು ಆ ಗದ್ದಲದ ನಂತರ. 1860ರ ದಶಕದಲ್ಲಿ ಲೈನಸ್ ಯೇಲ್ ರೂಪಿಸಿದ ಮೊಳೆಬೀಗದ ತತ್ವವೇ ಇಂದಿಗೂ ನಮ್ಮ ಬಾಗಿಲುಗಳಲ್ಲಿರುವುದು. ಆ ತತ್ವವಾದರೂ ಪ್ರಾಚೀನ ಈಜಿಪ್ಟಿನ ಮರದ ಬೀಗದಲ್ಲೇ ಇತ್ತು. ಸಾವಿರಾರು ವರ್ಷಗಳಿಂದ ಲೋಕಕ್ಕೆಲ್ಲ ತಿಳಿದ ಗುಟ್ಟನ್ನು ನಮ್ಮ ಉಳ್ಳಾಲದ ಹುಡುಗನಿಂದ ಮುಚ್ಚಿಡುವುದು ಯಾವ ಭದ್ರತೆ?

ಮೂರನೆಯ ವಾದ, ಹೇಗೂ ಹಳತಾಗಿದೆ, ಹೊಸದು ಇನ್ನೂ ಚೆನ್ನಾಗಿರುತ್ತದೆ ಎಂಬುದು. ಇದರಲ್ಲಿ ಸ್ವಲ್ಪ ಸತ್ಯವಿದೆ, ಇಲ್ಲವೆನ್ನುವುದಿಲ್ಲ. ಚೌಕಟ್ಟಿನ ಬೆಸುಗೆ ಬಿಟ್ಟಿದ್ದರೆ, ಪ್ಲಾಸ್ಟಿಕ್ಕು ಬಿಸಿಲಿಗೆ ಸೀಳಿದ್ದರೆ, ಒಳಗಿನ ಉಕ್ಕಿನ ಪಟ್ಟಿ ತುಕ್ಕಿಗೆ ಕರಗಿಹೋಗಿದ್ದರೆ, ಮೊದಲ ದಿನವೇ ಚೌಕಟ್ಟು ಗೋಡೆಗೆ ಸೊಟ್ಟಗೆ ಕೂತಿದ್ದರೆ ಕಿಟಕಿ ಬದಲಿಸಲೇಬೇಕು. ಅಂಥವಕ್ಕೆ ತೇಪೆ ಹಾಕುತ್ತ ಕೂರುವುದು ಜಿಪುಣತನ. ಆದರೆ ಆ ನಾಲ್ಕರಲ್ಲಿ ಒಂದೂ ಇಲ್ಲದ ಕಡೆ, ಎಂಟು ಹತ್ತು ವರ್ಷಕ್ಕೇ ಹಳತು ಎಂಬ ಹಣೆಪಟ್ಟಿ ಅಂಟಿಸುವುದು ಯಾವ ನ್ಯಾಯ? ಮಾರುವಾಗ ದಶಕಗಳ ಬಾಳಿಕೆ ಎಂದವರು ಇವರೇ ಅಲ್ಲವೇ?

ಕಂಪನಿಗಳನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ಪಾಲು ಏನು? ಆ ಹುಡುಗ ಬಂದ ಸುದ್ದಿ ಹರಡಿ ನಮ್ಮ ಕಟ್ಟಡದ ಇನ್ನೂ ಏಳೆಂಟು ಮನೆಯವರು ಅವನನ್ನು ಕರೆದರು. ಎಲ್ಲರೂ ಅನುಕೂಲಸ್ಥರೇ. ಒಂದು ಕೀಲು ಹಾಕಿ ಹೊಂದಿಸಲು ಅವನು ಐನೂರು ರೂಪಾಯಿ ಕೇಳಿದರೆ, "ಅರ್ಧ ಗಂಟೆಯ ಕೆಲಸಕ್ಕೆ ಐನೂರೇ ಮಾರಾಯ?" ಎಂದು ಜಗಳಕ್ಕೆ ನಿಂತರು. ಕಂಪನಿಯವನು ಲಕ್ಷದ ಮೇಲಿನ ಅಂದಾಜುಪಟ್ಟಿ ಚಾಚಿದಾಗ ಇವರೇ ಕುರ್ಚಿ ಕೊಟ್ಟು ಕಾಫಿ ಕೊಟ್ಟಿದ್ದರು. ಅರ್ಧ ಗಂಟೆಗೆ ಕೊಡುವುದಲ್ಲ ಅದು. ಆ ಅರ್ಧ ಗಂಟೆಯಲ್ಲಿ ಮಾಡಬಲ್ಲೆನೆಂಬ ಏಳು ವರ್ಷದ ಕಲಿಕೆಗೆ ಕೊಡುವುದು. ಹೊಸದಕ್ಕೆ ಎಷ್ಟಾದರೂ ತೆರುತ್ತೇವೆ, ಸರಿಮಾಡುವ ಕೈಗೆ ಕೊಡಲು ಮಾತ್ರ ಮನಸ್ಸು ಬರುವುದಿಲ್ಲ. ಇದರ ಹಿಂದೆ ಒಂದು ನಾಚಿಕೆಯೂ ಇದೆ. ಹೊಸ ಕಿಟಕಿ ಹಾಕಿಸಿದ್ದನ್ನು ನೆಂಟರಿಗೆ ತೋರಿಸಬಹುದು. ಹಳೆಯ ಕಿಟಕಿಗೆ ಹೊಸ ಕೀಲು ಹಾಕಿಸಿದ್ದನ್ನು ತೋರಿಸುವುದು ಹೇಗೆ? ಈ ನಾಚಿಕೆಯೇ ಆ ಹುಡುಗನನ್ನು ಮತ್ತೆ ದುಬೈಗೆ ಓಡಿಸುತ್ತದೆ. ಆಮೇಲೆ, ಈಗ ರಿಪೇರಿಯವರೇ ಸಿಕ್ಕುವುದಿಲ್ಲ ಎಂದು ನಾವೇ ಗೊಣಗುತ್ತೇವೆ.

ಹಳೆಯ ಕಾಲ ಚಿನ್ನದ ಕಾಲವಾಗಿತ್ತು ಎಂದು ಹೇಳುವ ಹುಂಬತನ ನನಗಿಲ್ಲ. ಹೆಬ್ಬಾಗಿಲು, ಹಿತ್ತಾಳೆಯ ಗುಬ್ಬಿ, ಕೆತ್ತಿದ ದಾರಂದ ಇದ್ದದ್ದು ಉಳ್ಳವರ ಮನೆಯಲ್ಲಿ. ಉಳಿದವರ ಗುಡಿಸಲಿಗೆ ಬಿದಿರಿನ ತಟ್ಟಿಯೇ ಬಾಗಿಲು. ಆದರೆ ಎರಡಕ್ಕೂ ಸಮಾನವಾದ ಒಂದು ಗುಣವಿತ್ತು: ಅದನ್ನು ಸರಿಮಾಡುವ ತಿಳಿವಳಿಕೆ ಆ ಊರಿನಲ್ಲೇ ಇತ್ತು. ಹೆಬ್ಬಾಗಿಲಿನ ತಿರುಗಣೆ ಸವೆದರೆ ಆಚಾರಿ ಬಂದು ಅದಕ್ಕೊಂದು ಮರದ ತುಂಡು ಕೂಡಿಸುತ್ತಿದ್ದ. ಅಗುಳಿ ಮುರಿದರೆ ಅಗುಳಿಯನ್ನಷ್ಟೇ ಕೆತ್ತುತ್ತಿದ್ದ. ಚಿಲಕದ ಕೊಂಡಿ ಕಿತ್ತುಬಂದರೆ ಕಮ್ಮಾರ ಇನ್ನೊಂದನ್ನು ಬಡಿದುಕೊಡುತ್ತಿದ್ದ. ಬಾಗಿಲು ಮೂರು ತಲೆಮಾರು ಬಾಳಿದ್ದು ಅದು ಕೆಡದೆ ಇದ್ದದ್ದರಿಂದಲ್ಲ. ಕೆಟ್ಟಾಗಲೆಲ್ಲ ಕೆಟ್ಟಷ್ಟನ್ನು ಮಾತ್ರ ಸರಿಮಾಡಿದ್ದರಿಂದ. ತಟ್ಟಿಯನ್ನಂತೂ ಮನೆಯವರೇ ಹೆಣೆದುಕೊಳ್ಳುತ್ತಿದ್ದರು. ಆ ತಿಳಿವಳಿಕೆಯನ್ನು ನಾವು ಮರದ ಜೊತೆಗೆ ಬಿಟ್ಟುಬಿಡಬೇಕಾಗಿರಲಿಲ್ಲ. ಬೀಗ ಮಾಡುವುದರಲ್ಲಿ ನಮ್ಮ ದೇಶ ಯಾರಿಗೂ ಕಡಿಮೆಯದಲ್ಲ. ಅಲಿಗಢ ಬೀಗಗಳಿಂದಲೇ ಹೆಸರಾದ ಪಟ್ಟಣ. ದಿಂಡಿಗಲ್ಲಿನ ಕೈಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಇಂತಹ ದೇಶದಲ್ಲಿ ಒಂದು ಹಲ್ಲುಚಕ್ರದ ಪೆಟ್ಟಿಗೆ ಸಿಕ್ಕುವುದಿಲ್ಲ ಎಂದರೆ ನಂಬುವುದು ಹೇಗೆ?

ಬಿಸಾಡಿ ಎನ್ನುವವರು ಎಲ್ಲಿಗೆ ಎಂಬುದನ್ನೂ ಹೇಳಬೇಕು. ಕಿತ್ತ ಕಿಟಕಿಯೆಂದರೆ ಪ್ಲಾಸ್ಟಿಕ್ಕು, ಉಕ್ಕು, ಗಾಜು, ರಬ್ಬರು, ಅಂಟು ಎಲ್ಲ ಒಂದಕ್ಕೊಂದು ಹೆಣೆದುಕೊಂಡ ವಸ್ತು. ಗುಜರಿಯವನು ಉಕ್ಕನ್ನು ಎಳೆದುಕೊಂಡು ಉಳಿದದ್ದನ್ನು ಬಿಟ್ಟುಹೋಗುತ್ತಾನೆ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ತೋಟ ಮನೆಗಳ ಮೇಲೆ ಹರಿಯಿತು, ಅಲ್ಲಿಯ ಸಂಸಾರಗಳು ಊರು ಬಿಟ್ಟು ಹೋಗಬೇಕಾಯಿತು. ಅದಾದ ಮೇಲೂ ಮಂಗಳೂರಿನವರು 'ಬಿಸಾಡಿ' ಎಂಬ ಮಾತನ್ನು ಹಗುರವಾಗಿ ಆಡುವುದಾದರೆ ನಮಗೆ ನೆನಪೂ ಇಲ್ಲ, ಮರ್ಯಾದೆಯೂ ಇಲ್ಲ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ರಚಿಸಿತು, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವೂ ಬಂತು. ಆಗ ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರಗಳು, ಮೊಬೈಲು ಮತ್ತು ವಿದ್ಯುನ್ಮಾನ ಸಾಧನಗಳು, ಗೃಹೋಪಯೋಗಿ ಯಂತ್ರಗಳು, ವಾಹನಗಳು. ಎರಡು ವರ್ಷಕ್ಕೊಮ್ಮೆ ಬದಲಾಗುವ ಮೊಬೈಲಿಗೆ ಹಕ್ಕಿದೆ. ಮೂವತ್ತು ವರ್ಷ ಸಾಲ ಕಟ್ಟಿ ಕೊಂಡ ಮನೆಯ ಬಾಗಿಲು ಆ ಪಟ್ಟಿಯಲ್ಲಿರಲಿಲ್ಲ. ಇದ್ದದ್ದನ್ನಾದರೂ ಬಳಸಿಕೊಳ್ಳುತ್ತೇವೆಯೇ? ರೇರಾ ಎಂದು ಕರೆಯುವ 2016ರ ಕಾಯಿದೆಯ 14ನೇ ಸೆಕ್ಷನ್ನಿನಂತೆ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರು ಮೂವತ್ತು ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಬಿಲ್ಡರೇ ಹಾಕಿಸಿದ ಬಾಗಿಲು ಮೂರನೆಯ ವರ್ಷದಲ್ಲಿ ಜಗ್ಗಿದರೆ ಅದು ಕೆಲಸದ ದೋಷ ಎಂದು ಲಿಖಿತ ದೂರು ಕೊಡಲು ಏನಡ್ಡಿ? ಬಾಗಿಲು ಪೂರ್ತಿ ಸಿಕ್ಕಿಕೊಳ್ಳುವವರೆಗೆ, ಐದು ವರ್ಷ ಕಳೆಯುವವರೆಗೆ ನಾವು ಸುಮ್ಮನಿರುತ್ತೇವೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ನಮ್ಮದು.

ಇದು ಬರಿಯ ಹಣದ ಮಾತೂ ಅಲ್ಲ. ಕೀಲು ಹಿಡಿದುಕೊಂಡ ಕಿಟಕಿ, ಬೀಗ ಕಚ್ಚಿಕೊಂಡ ಬಾಗಿಲು ಅಡುಗೆಮನೆಯಲ್ಲಿ ಗ್ಯಾಸ್ ಸೋರಿದ ದಿನ, ಬೆಂಕಿ ಹತ್ತಿದ ದಿನ ಏನಾಗುತ್ತದೆ ಎಂದು ಯೋಚಿಸಿ. ರಿಪೇರಿ ಸುಲಭವಾಗಿ ಸಿಕ್ಕಿದರೆ ಜನ ಮಾಡಿಸಿಕೊಳ್ಳುತ್ತಾರೆ. ಲಕ್ಷ ರೂಪಾಯಿಯ ಬದಲಾವಣೆಯೊಂದೇ ದಾರಿ ಎಂದರೆ ಹೆಚ್ಚಿನವರು ಏನನ್ನೂ ಮಾಡಿಸುವುದಿಲ್ಲ, ಮುಚ್ಚಿದ ಕಿಟಕಿಯೊಳಗೆ ದಿನ ನೂಕುತ್ತಾರೆ. ಬದಲಾವಣೆಯ ವ್ಯಾಪಾರ ಕೊನೆಗೆ ನಮ್ಮ ಮನೆಗಳಲ್ಲಿ ಹೆಚ್ಚಿಸುವುದು ಹೊಸ ಕಿಟಕಿಗಳನ್ನಲ್ಲ, ತೆರೆಯದ ಕಿಟಕಿಗಳನ್ನು.

ಆದ್ದರಿಂದ ನನ್ನ ಬೇಡಿಕೆಗಳು ಕೆಲವೇ. ಮಾರುವವರು ಪ್ರತಿ ಕಿಟಕಿ ಬಾಗಿಲಿನ ಜೊತೆ ಒಂದು ಹಾಳೆ ಕೊಡಲಿ. ಕೀಲಿನ ಉದ್ದ, ಉಕ್ಕಿನ ದರ್ಜೆ, ಪೆಟ್ಟಿಗೆಯ ಎರಡು ಅಳತೆ, ಬೀಗದ ಕೊಳವೆಯ ಅಳತೆ, ಗಾಜಿನ ಜೋಡಿಯ ದಪ್ಪ ಅದರಲ್ಲಿರಲಿ. ಬಿಡಿಭಾಗಗಳನ್ನು ಎಷ್ಟು ವರ್ಷ ಕೊಡುತ್ತೇವೆಂದು ಬರೆದು ಸಹಿ ಹಾಕಲಿ. ಹಾಕದವರಿಂದ ಕೊಳ್ಳಬೇಡಿ. ಅಪಾರ್ಟ್‌ಮೆಂಟಿನ ಸಂಘಗಳು ದೀಪಾಲಂಕಾರಕ್ಕೆ ಎತ್ತುವ ಹಣದಲ್ಲಿ ಸ್ವಲ್ಪವನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಒಬ್ಬ ಬಲ್ಲವನನ್ನು ಕರೆಸಿ ಎಲ್ಲ ಮನೆಗಳ ಕೀಲಿಗೆ ಎಣ್ಣೆ ಬಿಡಿಸಿ, ಸಡಿಲ ಸ್ಕ್ರೂ ಬಿಗಿಸಿ, ತೂತು ಬಿಡಿಸಲು ಇಡಲಿ. ಯಾರಾದರೂ ಬಂದು ಪೂರ್ತಿ ಬದಲಿಸಬೇಕು ಎಂದರೆ, ಯಾವ ಭಾಗ ಕೆಟ್ಟಿದೆ, ಅದನ್ನು ಬಿಚ್ಚಿ ನನ್ನ ಕೈಗೆ ಕೊಡು ಎಂದು ಕೇಳಿ. ಈ ಒಂದು ಪ್ರಶ್ನೆಗೆ ಹತ್ತರಲ್ಲಿ ಎಂಟು ಜನ ತಮ್ಮ ಬ್ಯಾಗು ಮುಚ್ಚಿಕೊಂಡು ಹೊರಡುತ್ತಾರೆ ಎಂದು ನನ್ನ ಅನುಮಾನ. ಉಳಿದಿಬ್ಬರು ಕುಕ್ಕುರುಗಾಲಲ್ಲಿ ಕೂತು ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಅವರ ಫೋನ್ ನಂಬರು ಬರೆದಿಟ್ಟುಕೊಳ್ಳಿ, ಅವರು ಕೇಳಿದಷ್ಟು ಕೂಲಿ ಚೌಕಾಸಿಯಿಲ್ಲದೆ ಕೊಡಿ, ಪಕ್ಕದ ಮನೆಯವರಿಗೂ ಹೇಳಿ.